ಕಳ್ಳಗಾಳಿ

ಹನ್ನೊಂದು ಗಂಟೆಗೆ ಕೊಂಡೊಯ್ದರೆ
ನನ್ನ ಓಮ್ನಿಗೆ ರೋಗವೇ ಇಲ್ಲ.
ಒಂದೇ ಕೀಲಿಗೆ ಎದ್ದು ನಿಲ್ಲುತ್ತದೆ,
ಇನ್‌ಸ್ಪೆಕ್ಟರು ಬಂದ ದಿನದ ಶಾಲೆಯ ಹಾಗೆ ಶಿಸ್ತು.

ಮೂರು ಗ್ಯಾರೇಜು ತಿರುಗಿದೆ.
ಒಬ್ಬ ಹೊಸ ಬ್ಯಾಟರಿ ಹಾಕಿದ.
ಒಬ್ಬ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಲ್ಲಿ ಅದ್ದಿ
ತಿರುಗಿ ಜೋಡಿಸುವಾಗ
ಒಂದು ಪುಟ್ಟ ಸ್ಪ್ರಿಂಗು ಮಿಕ್ಕಿತೆಂದು ನನ್ನ ಕೈಗೇ ಕೊಟ್ಟ.
ಇನ್ನೊಬ್ಬ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ದನಿ ಏರಿಸಿ
"ನೋಡಿ, ಈಗ ನಡುಗ್ತಾ ಇಲ್ಲ" ಅಂದ.
ಕೂಗಾಡುವವರ ನಡುಕ
ಕಾಣುವುದಿಲ್ಲ, ನಿಜ.

ಅವರು ನಾಲ್ಕೂಕಾಲಕ್ಕೆ ಬರಬೇಕಿತ್ತು
ಕಲ್ಲಹಳ್ಳಿಯ ನನ್ನ ಬೀದಿಗೆ,
ಧನುರ್ಮಾಸದ ಕತ್ತಲಲ್ಲಿ
ನಾಲೆ ಕಡೆಯಿಂದ ಎದ್ದ ಮಂಜು
ಸೀಟಿನ ರೆಕ್ಸಿನ್ನಿಗೂ ಇಳಿದಿರುವಾಗ.
ಚೋಕ್ ಎಳೆದು ಕೀಲಿ ತಿರುಗಿಸಿದರೆ
ಕೊರ್ ಕೊರ್ ಕೊರ್,
ಹಿಡಿಯಿತು ಅನ್ನುವಷ್ಟರಲ್ಲಿ ಬಿಟ್ಟಿತು,
ಮತ್ತೆ ಹಿಡಿಯಿತು, ಕುಂಟಿತು,
ಗೇರ್ ಕಡ್ಡಿ ನನ್ನ ಕೈಯಲ್ಲಿ
ಚಳಿಜ್ವರ ಬಂದವರ ಮೊಣಕಾಲು.
ಎದುರುಮನೆಯಲ್ಲಿ ದೀಪ ಹತ್ತುತ್ತದೆ. ಕಿಟಕಿ ದಢಾರನೆ ಮುಚ್ಚುತ್ತದೆ.
ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಬಂಡಲುಗಳು ಇಬ್ಬನಿ ಕುಡಿಯುತ್ತವೆ.
ಬೂದನೂರಿನ ಹೋಟೆಲಿನವನು ಆರಕ್ಕೆ ಫೋನ್ ಮಾಡಿ
"ಸುದ್ದಿ ಹಳಸೋಯ್ತಲ್ಲಕ್ಕಾ" ಅನ್ನುತ್ತಾನೆ.

ಗುತ್ತಲು ರಸ್ತೆಯ ಕೆಂಪಾಚಾರಿಗೆ ಹೇಳಿದಾಗ
ಅವರು ವ್ಯಾನಿನ ಹತ್ತಿರಕ್ಕೇ ಬರಲಿಲ್ಲ.
ಕೈ ಒರೆಸುತ್ತಾ ಕೇಳಿದರು:
"ಬೆಚ್ಚಗಾದ್ಮೇಲೆ ಸರಿಹೋಯ್ತದಾ?"
ಹೂಂ.
"ಎಷ್ಟ್ ಹೊತ್ಗೆ?"
ರೈಲ್ವೆ ಗೇಟು ಬರೋ ಹೊತ್ತಿಗೆ.
"ಅಂಗಾದ್ರೆ ಈಗ್ ನೋಡಿ ಏನ್ ಬಂತು.
ನಾಳೀಕೆ ನಾನೇ ಬತ್ತೀನಿ.
ನಾನ್ ಬರೋಗಂಟ ಕೀಲಿ ಮುಟ್‌ಬ್ಯಾಡಿ."

ಬಂದರು. ಮಂಕಿ ಟೋಪಿ, ಸೈಕಲ್ಲು,
ಹ್ಯಾಂಡಲಿಗೆ ನೇತುಹಾಕಿದ ರಸಗೊಬ್ಬರದ ಚೀಲ.
ಟಾರ್ಚ್ ಕೂಡ ಹಚ್ಚಲಿಲ್ಲ.
ಸೀಟು ಎತ್ತಿ ಎಂಜಿನ್ನಿನ ಮೇಲೆ ಅಂಗೈ ಇಟ್ಟು
ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡರು,
ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದೆ.
ಪ್ಲಗ್ಗು ಮೂರನ್ನೂ ಬಿಚ್ಚಿ
ನಿನ್ನೆಯ ಪೇಪರಿನ ಮೇಲೆ ಸಾಲಾಗಿ ಇಟ್ಟರು.
ಒಂದು ಕಂದು. ಎರಡನೆಯದೂ ಕಂದು.
ಮೂರನೆಯದು ಬಿಳಿಚಿಕೊಂಡಿತ್ತು, ಒಣಸುಣ್ಣ.
"ಇವ್ನಿಗೆ ಊಟ ಕಮ್ಮಿ," ಅಂದರು,
"ಬರೀ ಗಾಳಿ ಕುಡ್ದು ಬದುಕ್ತಾವ್ನೆ."

ಆ ಸ್ಪ್ರಿಂಗು ತೋರಿಸಿದೆ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ
ಆರು ತಿಂಗಳಿಂದ ಜೋಪಾನವಾಗಿದ್ದದ್ದು.
ಮೂಗಿನ ಹತ್ತಿರ ಹಿಡಿದು ನೋಡಿ
"ಇದು ಈ ಗಾಡೀದೇ ಅಲ್ಲ ಕಣಕ್ಕಾ" ಅಂದರು.

ಪ್ಲಗ್ಗು ಹಾಕಿ, ಈಗ ತಿರುಗಿಸಿ ಅಂದರು.
ಎದ್ದಿತು, ಕುಂಟಿತು.
ಮೊಳದುದ್ದದ ಪೈಪಿನ ಒಂದು ತುದಿ ಕಿವಿಗಿಟ್ಟು
ಇನ್ನೊಂದು ತುದಿಯನ್ನು
ಕೊಳವೆ ಕೊಳವೆಯ ಪಕ್ಕ ನಿಧಾನ ಸರಿಸಿದರು,
ಕಣ್ಣು ಮುಚ್ಚಿ, ಉಸಿರು ಹಿಡಿದು. ನಾನೂ ಹಿಡಿದೆ.
ಒಂದು ಕಡೆ ಕೈ ನಿಂತಿತು.
ಎರಡು ಬೆರಳಲ್ಲಿ ಅಲ್ಲಿ ಹಿಸುಕಿದರು ನೋಡಿ:
ವ್ಯಾನು ನೆಟ್ಟಗಾಯಿತು.
ಬಿಟ್ಟರು, ನಡುಕ. ಹಿಸುಕಿದರು, ನಿಶ್ಚಿಂತೆ.

ಆಗ ಹಚ್ಚಿದರು ಟಾರ್ಚು.
ರಬ್ಬರ್ ಪೈಪಿನ ಬುಡದಲ್ಲಿ, ಕ್ಲಿಪ್ಪಿನ ಕೆಳಗೆ,
ಉಗುರು ಗೀರಿದಷ್ಟು ಬಿರುಕು.
"ತಣ್ಣಗಿದ್ರೆ ಬಿಗ್ದು ಬಾಯ್ಬುಡ್ತದೆ,
ಬಿಸಿಗೆ ಊದ್ಕಂಡು ಮುಚ್ಕತದೆ.
ಕಳ್ಳಗಾಳಿ. ಅಗಲೊತ್ತು ಸಿಗಾಕಿಲ್ಲ."

ಎರಡಂಗುಲ ಹೊಸ ಪೈಪು. ನಲವತ್ತು ರೂಪಾಯಿ.
ಯಾರೋ ಏರಿಸಿದ್ದ ಆ ಅರ್ಧ ಸುತ್ತನ್ನು
ಹಿಂದಕ್ಕೆ ಇಳಿಸಿ, ಸೈಕಲ್ ಹತ್ತಿದರು.

ಅವತ್ತು ರೈಲ್ವೆ ಗೇಟು ಹಾಕಿತ್ತು.
ಗೂಡ್ಸು ಹೋಗಿ ಮುಗಿಯಿತು. ಸದ್ದಿಲ್ಲ.
ಆಫಾಯಿತೆಂದು ಕೀಲಿ ತಿರುಗಿಸಿದೆ:
ಕರ್ರ್ ಎಂದು ಕಬ್ಬಿಣ ಕಿರುಚಿತು,
ಗೇಟಿನವನು ತಲೆ ಹೊರಹಾಕಿದ.
ಓಡುತ್ತಲೇ ಇತ್ತು ಅದು. ಮರುದಿನವೂ
ಅದೇ ಪೆದ್ದುತನ, ಅದೇ ಕಿರುಚು.

ನಾಲ್ಕನೇ ದಿನ
ಕೀಲಿಯತ್ತ ಹೊರಟ ಕೈಯನ್ನು ತಡೆದು
ಗೇರ್ ಕಡ್ಡಿಯ ಮೇಲೆ ಎರಡು ಬೆರಳಿಟ್ಟೆ.
ಇತ್ತು.